ತಿಕೋಟಾದಿಂದ ಬಂದ ಮಂಟಪ

ಪೂನಮ ಮದುವೆಯಾಗಿ ವಿಜಯಪುರಕ್ಕೆ ಬಂದಾಗ ಅವಳ ಗಂಡ ದೇವಾನಂದ ಒಂದು ಫರ್ನಿಚರ್ ಅಂಗಡಿಯಲ್ಲಿ ಪಾಲಿಶ್ ಕೆಲಸಕ್ಕಿದ್ದ. ಕೊರೊನಾ ವರ್ಷದಲ್ಲಿ ಆ ಅಂಗಡಿ ಬಾಗಿಲು ಹಾಕಿತು. ಕೆಲಸವಿಲ್ಲದೆ ಮನೆ ಹಿಡಿದು ಕೂತಿದ್ದ ಗಂಡ, ಓಣಿಯ ತುದಿಯಲ್ಲಿ ಯಾರೋ ಎಸೆದು ಹೋಗಿದ್ದ ಕಾಲು ಮುರಿದ ಟೀಪಾಯಿಯೊಂದನ್ನು ಹೊತ್ತು ತಂದ. ತಿಕ್ಕಿ ತೀಡಿ, ಬೇರೆ ಕಾಲು ಕೂಡಿಸಿ, ಗಿಳಿಹಸಿರು ಬಣ್ಣ ಬಳಿದ. ಪಕ್ಕದ ಮನೆಯ ಇರ್ಫಾನಾ ನೋಡಿದವಳೇ, "ನಮ್ಮನ್ಯಾಗೂ ಒಂದ ಐತ್ರಿ ಇಂಥಾದು" ಎಂದಳು. ಅಲ್ಲಿಂದ ಅವರ ಕೆಲಸ ಶುರುವಾಯಿತು.

ಪೂನಮ ಘೋಣಸಗಿಯವಳು. ತಾಯಿ ಪರಸವ್ವ ಊರ ತುಂಬ ಕೌದಿ ಹೊಲಿದು ಕೊಡುತ್ತಿದ್ದವಳು. ಆ ಹೊಲಿಗೆ ಮಗಳ ಕೈಗೂ ಬಂದಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಕುರ್ಚಿಯ ದಿಂಬಿಗೆ ಕೌದಿಯ ಹಾಗೆ ಹೊಲಿಯುತ್ತಿದ್ದಳು. ಖಣದ ತುಂಡುಗಳಲ್ಲಿ ತೋರಣ, ಗೋಣಿಚೀಲದ ನಾರಿನಲ್ಲಿ ಗೋಡೆಗೆ ತೂಗುವ ಬುಟ್ಟಿ. ಗಂಡ ಕಟ್ಟಿಗೆ ನೋಡಿಕೊಂಡರೆ ಬಣ್ಣ, ಬಟ್ಟೆ ಅವಳದು. ಮಾಡಿದ್ದನ್ನೆಲ್ಲ ಫೋನಿನಲ್ಲಿ ವಿಡಿಯೋ ಹಿಡಿದು ಇಂಟರ್ನೆಟ್ಟಿಗೆ ಹಾಕತೊಡಗಿದಳು. ಅವಳ ಮಾತು ಹೆಂಗಸರಿಗೆ ಹಿಡಿಸಿತು. ತಿಕೋಟಾದಿಂದ, ಬಬಲೇಶ್ವರದಿಂದಲೂ ಫೋನು ಬರತೊಡಗಿದವು.

ವಿಡಿಯೋ ಹಿಡಿಯುವಾಗ ಮಾತ್ರ ದೇವಾನಂದನದೊಂದು ಹಟವಿತ್ತು. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲೇ ಹಿಡಿಯಬೇಕು. "ಒಳಗ ಕತ್ತಲ, ಇಲ್ಲೇ ಬೆಳಕ ಚೊಲೊ ಐತಿ" ಎನ್ನುತ್ತಿದ್ದ. ಆದರೆ ಒಳಗಿನ ಕಿಟಕಿಯಿಂದ ಬರುವ ಬೆಳಕೇ ಚೆನ್ನಾಗಿತ್ತು. ಬೆಳಕು ಬೀಳುವ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇತ್ತು, ಅದರ ಕೆಳಗಿನ ಕಪಾಟಿನ ಮೇಲೆ ಬುದ್ಧನ ಮೂರ್ತಿ. ಪೂನಮಳಿಗೆ ಕಾರಣ ಹೊಳೆಯಲು ಬಹಳ ದಿನ ಬೇಕಾಗಲಿಲ್ಲ. ಗಿರಾಕಿಗಳ ಮನೆಯಲ್ಲಿ ಯಾರಾದರೂ "ನೀವು ಯಾರ ಪೈಕಿರಿ?" ಎಂದು ಕೇಳಿದರೆ ಅವನು ಊರ ಹೆಸರು ಹೇಳಿ, ಮಾತನ್ನು ಗೆದ್ದಲಿನ ಕಡೆಗೋ ಮಳೆಯ ಕಡೆಗೋ ತಿರುಗಿಸುತ್ತಿದ್ದ. ಅಂಗಡಿಯಲ್ಲಿದ್ದಾಗ ಯಾರದೋ ಅಡುಗೆಮನೆಯ ಬಾಗಿಲಿಗೆ ಪಾಲಿಶ್ ಮಾಡಲು ಹೋಗಿ, ಜಾತಿ ಕೇಳಿದ ಮೇಲೆ ಹೊಸ್ತಿಲಿನಿಂದಲೇ ವಾಪಸ್ಸು ಬಂದಿದ್ದನಂತೆ. ಮದುವೆಯ ಹೊಸತರಲ್ಲಿ ಅದನ್ನು ನಗುತ್ತಲೇ ಹೇಳಿದ್ದ. ಆಮೇಲೆ ಎಂದೂ ಎತ್ತಲಿಲ್ಲ.

ಹೋದ ಮುಂಗಾರಿನ ಹೊತ್ತಿಗೆ ತಿಕೋಟಾದಿಂದ ಶೈಲಾ ಎಂಬ ಹೆಣ್ಣುಮಗಳು ಫೋನು ಮಾಡಿದಳು. ಅವರದು ದ್ರಾಕ್ಷಿ ತೋಟದ ಮನೆತನ. ಅತ್ತೆ ಅಕ್ಕನಾಗಮ್ಮನ ಅತ್ತೆಯ ಕಾಲದ ಸಾಗವಾನಿ ದೇವರ ಮಂಟಪವೊಂದು ದೀಪದ ಹೊಗೆ ಕುಡಿದು ಕರ್ರಗಾಗಿತ್ತು. ಒಂದು ಕಾಲನ್ನು ಹುಳ ತಿಂದಿತ್ತು. ಪೂನಮ, ದೇವಾನಂದ ಇಬ್ಬರೂ ತಿಕೋಟಾಕ್ಕೆ ಹೋದರು. ದೇವರನ್ನು ಆಗಲೇ ಬೇರೆ ಕಡೆ ಇಳಿಸಿ ಮಂಟಪವನ್ನು ಪಡಸಾಲೆಗೆ ತಂದಿಟ್ಟಿದ್ದರು. ಅಕ್ಕನಾಗಮ್ಮ ತಾನೇ ಚಹಾ ತಂದುಕೊಟ್ಟು, ಪೂನಮಳ ಚೀಲದ ಕೌದಿ ಹೊಲಿಗೆಯನ್ನು ಬೆರಳಿನಿಂದ ಸವರಿ, "ಎಷ್ಟ ಚಂದ ಹೊಲದೀ ತಂಗಿ. ನಮ್ಮ ದೇವರ ಜಗಲಿನೂ ಹಿಂಗಽ ಜೀವ ಬರೂವಂಗ ಮಾಡು" ಎಂದಳು. ಓಣಿಯ ಅಯೂಬನ ಟೆಂಪೋದಲ್ಲಿ ಮಂಟಪ ವಿಜಯಪುರಕ್ಕೆ ಬಂತು.

ದೇವಾನಂದ ಅಷ್ಟು ಮನಸ್ಸಿಟ್ಟು ಮಾಡಿದ ಬೇರೆ ಕೆಲಸವನ್ನು ಪೂನಮ ಕಂಡಿರಲಿಲ್ಲ. ಮಸಿಯ ಪದರು ಬಿಟ್ಟ ಹಾಗೆಲ್ಲ ಕಮಾನಿನ ಮೇಲೆ ಗಿಳಿಗಳ ಸಾಲು ಕಾಣಿಸಿತು. ಕೊಕ್ಕು ಮುರಿದ ಗಿಳಿಗೆ ಅವನು ಕೊಕ್ಕು ಕೂಡಿಸಿದ. ಕಾಲು ಹೊಸದೆಂದು ಗೊತ್ತಾಗದ ಹಾಗೆ ಅದೇ ಬಣ್ಣಕ್ಕೆ ತಂದ. ಬಣ್ಣ ಬಳಿಯೋಣವೇ ಎಂದು ಅವಳು ಕೇಳಿದಾಗ, "ಬ್ಯಾಡ, ಇದಕ್ಕ ಇದರ ಮೈಬಣ್ಣನಽ ಸಾಕು" ಎಂದ.

ಕೆಲಸ ಮುಗಿದ ಸಂಜೆ ಜೋರು ಮಳೆ ಹೊಡೆಯಿತು. ಶೆಡ್ಡು ಸೋರತೊಡಗಿ, ಇಬ್ಬರೂ ಸೇರಿ ಮಂಟಪವನ್ನು ಒಳಗೆ ಎತ್ತಿಟ್ಟರು. ಮಳೆ ತುಸು ಇಳಿದಾಗ ಅವನು ಹಾಲು ತರಲು ಹೋದ. ಕಿಟಕಿಯ ಬೆಳಕಿನಲ್ಲಿ ಗಿಳಿಗಳು ಹೊಳೆಯುತ್ತಿದ್ದವು. ಪೂನಮ ಫೋನು ಹಿಡಿದಳು. ಹಿಂದೆ ಗೋಡೆಯ ಫೋಟೋ ಬರುತ್ತಿರುವುದು ಅವಳಿಗೆ ಕಂಡಿತು. ಕೈ ಸರಿಸಬಹುದಿತ್ತು. ಸರಿಸಲಿಲ್ಲ. ವಿಡಿಯೋವನ್ನು ಹಾಗೇ ಹಾಕಿಬಿಟ್ಟಳು.

ಮರುದಿನ ಬೆಳಿಗ್ಗೆ ಬ್ರಶ್ ತೊಳೆಯುತ್ತಿದ್ದ ದೇವಾನಂದ ಫೋನು ನೋಡಿ ಒಳಗೆ ಬಂದ.

"ಇದನ್ನ ಎಲ್ಲಿ ಹಿಡದಿ?"

"ಇಲ್ಲೇ. ಮಳಿ ಹೊಡ್ಯಾಕತ್ತಿತ್ತಲ್ರಿ."

"ಹಿಂದ ಗ್ವಾಡಿ ಕಾಣಾಕತ್ತೈತಿ. ತಗಿ ಅದನ್ನ."

"ಗ್ವಾಡಿ ಕಂಡ್ರ ಏನಾಗತೈತ್ರಿ?"

"ಏನಾಗತೈತಿ ಅನ್ನೂದು ನಿನಗ ಗೊತ್ತಿಲ್ಲೇನ?"

"ಗೊತ್ತೈತಿ. ಮಂದಿ ಮನಿ ಎಲ್ಲಾ ಚಂದ ಮಾಡಿ ತೋರಸ್ತೀವಿ. ನಮ್ಮ ಮನಿ ತೋರ್ಸಾಕ ನಾಚಿಕಿ ಯಾಕ? ನಾ ತಗ್ಯಂಗಿಲ್ಲ."

ಅವನು ಬ್ರಶ್ಶನ್ನು ಅಲ್ಲೇ ಬಿಸಾಕಿ ಹೊರಗೆ ಹೋದ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಸಂಜೆ ಅವನು ಮನೆಗೆ ಬಂದ ಹೊತ್ತಿಗೆ ಶೈಲಾಳ ಗಂಡ ಸಿದ್ದಲಿಂಗೇಶನ ಫೋನು ಬಂತು. ಬಹಳ ಸಭ್ಯ ದನಿ. "ದೇವಣ್ಣಾ, ಆ ಮಂಟಪ ನೀವಽ ಇಟ್ಗೊಂಡ ಬಿಡ್ರಿ. ನಮ್ಮವ್ವಗ ಹೊಸಾದು ಬೇಕಾಗೈತಿ. ನಿಮ್ಮ ಕೂಲಿ ಆಗಳೇ ಹಾಕೇನಿ ನೋಡ್ರಿ. ಮತ್ತೇನೂ ತಿಳ್ಕೋಬ್ಯಾಡ್ರಿ." ದೇವಾನಂದ "ಆಗಲಿ ಬಿಡ್ರಿ" ಎಂದಷ್ಟೇ ಹೇಳಿದ. ಫೋನು ಇಟ್ಟು ಹೆಂಡತಿಯ ಕಡೆ ನೋಡಿದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಮಂಟಪ ನಡುಮನೆಯಲ್ಲೇ ಉಳಿಯಿತು. ದೇವರನ್ನು ಇಡದ ಮನೆಯಲ್ಲಿ ದೇವರ ಮಂಟಪ. ಅಡ್ಡಾಡುವಾಗಲೆಲ್ಲ ಮೈಗೆ ತಾಗುತ್ತಿತ್ತು. ಇಬ್ಬರ ನಡುವೆ ಮಾತು ಬೇಕಾದಷ್ಟಕ್ಕೆ ನಿಂತಿತು. ಒಂದು ದಿನ ಪೂನಮ ಸಂತೆಯಿಂದ ಬಂದು ನೋಡಿದರೆ ಅವನು ಗರಗಸ ಹಿಡಿದು ಮಂಟಪದ ಮುಂದೆ ಕೂತಿದ್ದ.

"ಏನ್ ಮಾಡಾಕತ್ತೀರಿ?"

"ಕಮಾನ ಕೊಯ್ದ ಟೀಪಾಯಿ ಮಾಡ್ತೇನಿ. ಹಳೇದ ಹೊಸಾದ ಮಾಡೂದಽ ನಮ್ಮ ಕೆಲಸ ಅಲ್ಲೇನ?"

ಅವಳು ಗರಗಸದ ಹಿಡಿಯನ್ನು ಹಿಡಿದುಕೊಂಡಳು. "ಇದು ನಮ್ದಲ್ರಿ. ಯಾರದೋ ಹಿರ್ಯಾರು ಕೈ ಮುಗದದ್ದು. ಕೊಯ್ಯೂದು ಬ್ಯಾಡ. ಅವರ ವಸ್ತು ಅವರ ಮನ್ಯಾಗ ಇಟ್ಟ ಬರೂಣು. ಆಮ್ಯಾಲ ಹೊರಗ ಒಗೀಲಿ, ಒಲಿಗೆ ಹಾಕಲಿ."

ಅವನು ಒಲ್ಲೆನೆಂದ. ಅಯೂಬ ಟೆಂಪೋ ತಂದು ನಿಲ್ಲಿಸಿದಾಗ ಮಾತ್ರ ಬಂದು ಒಂದು ಮಗ್ಗುಲು ಎತ್ತಿದ.

ತಿಕೋಟಾದಲ್ಲಿ ಟೆಂಪೋದ ಸದ್ದಿಗೆ ಅಕ್ಕನಾಗಮ್ಮನೇ ಹೊರಗೆ ಬಂದಳು. ಹಿಂದೆ ಬಾಗಿಲಲ್ಲಿ ಶೈಲಾ ನಿಂತಿದ್ದಳು, ತಲೆ ಎತ್ತಲಿಲ್ಲ. ಮಂಟಪದ ಮೇಲಿನ ಬಟ್ಟೆ ಸರಿಸಿದಾಗ ಮುದುಕಿಯ ಕಣ್ಣು ಗಿಳಿಗಳ ಮೇಲೆ ನಿಂತುಬಿಟ್ಟಿತು. ಚಾಚಿದ ಕೈಯನ್ನು ಅರ್ಧಕ್ಕೇ ಹಿಂತೆಗೆದುಕೊಂಡಳು.

"ಭಾಳ ಚಂದ ಮಾಡೀರಿ" ಎಂದಳು. "ನಿಮ್ಮ ಮ್ಯಾಲ ನನಗೇನೂ ಸಿಟ್ಟಿಲ್ಲ ತಂಗಿ. ಆದ್ರ ಜಗಲಿ ಮ್ಯಾಲ ಇಡಾಕ ಮನಸ ಒಪ್ಪವಲ್ದು. ಹಿರ್ಯಾರಿಂದ ಬಂದ ನಡಾವಳಿ."

"ಅಮ್ಮಾರ, ಅವತ್ತ ನೀವು ಕೊಟ್ಟ ಚಹಾ ಇದಽ ಕೈಲೆ ತಗೊಂಡಿದ್ನೆಲ್ರಿ. ನಮ್ಮವ್ವ ಕಲಿಸಿದ ಹೊಲಿಗಿ ನೀವಽ ಮುಟ್ಟಿ ನೋಡಿದ್ರಿ."

ಶೈಲಾ "ಅತ್ತಿ..." ಎಂದು ಏನೋ ಹೇಳಹೋದಳು. ಒಳಗಿನಿಂದ ಗಂಡ ಕರೆದ, ಹೋದಳು. ದೇವಾನಂದ ಮಂಟಪವನ್ನು ಅಂಗಳದ ಕಟ್ಟೆಯ ಮೇಲೆ ಇಳಿಸಿ, ಮಳೆ ಬಂದರೆ ಇರಲೆಂದು ಬಟ್ಟೆಯನ್ನು ಮತ್ತೆ ಹೊದಿಸಿದ. ಕಾಲುಗಳು ಸಮನಾಗಿ ಕೂತಿವೆಯೇ ಎಂದು ಬಗ್ಗಿ ನೋಡಿದ. ಅದನ್ನು ಕಂಡು ಪೂನಮಳಿಗೆ ತಡೆಯದೆ ಅಳು ಬಂತು. ಟೆಂಪೋ ಹತ್ತುವ ತನಕ ನುಂಗಿಕೊಂಡಳು.

ಆಮೇಲೆ ತಿಕೋಟಾದ ಕಡೆಯ ಫೋನುಗಳು ನಿಂತವು. ಒಮ್ಮೆ ಶೈಲಾ, ಮಂಟಪವನ್ನು ಕಾಳಿನ ಕೋಣೆಯಲ್ಲಿಟ್ಟಿದ್ದಾರೆಂದೂ, ಅತ್ತೆ ಆಗಾಗ ಒಬ್ಬಳೇ ಹೋಗಿ ನೋಡಿ ಬರುತ್ತಾಳೆಂದೂ ಮೆಸೇಜು ಕಳಿಸಿದಳು. ಪೂನಮ ಉತ್ತರ ಬರೆಯಲಿಲ್ಲ.

ಬದಲಾದದ್ದು ದೇವಾನಂದ. ಮುಚ್ಚಿಡುವುದನ್ನು ಬಿಟ್ಟ. ಆದರೆ ಪೂನಮ ಬಯಸಿದ್ದ ಹಾಗಲ್ಲ. ಈಗ ಪ್ರತಿ ಗಿರಾಕಿಯ ಬಾಗಿಲಲ್ಲೂ, ಒಳಗೆ ಕಾಲಿಡುವ ಮೊದಲೇ, "ನಾವು ಇಂಥವರದೀವಿ, ನಡೀತೈತೇನ್ರಿ?" ಎಂದು ಕೇಳತೊಡಗಿದ. ಕೆಲವರು "ಛೆ ಛೆ, ಅದೇನ ಕೇಳ್ತೀರಿ" ಎಂದರು. ಕೆಲವರು ನಾಳೆ ಫೋನು ಮಾಡುತ್ತೇವೆಂದು ಬಾಗಿಲು ಮುಂದೆ ಮಾಡಿದರು. ಪ್ರತಿ ಸಲವೂ ಪೂನಮಳ ಮೈ ಹಿಡಿಯಷ್ಟಾಗುತ್ತಿತ್ತು. ಮುಚ್ಚಿಟ್ಟಾಗ ಆಗುತ್ತಿದ್ದ ಸಂಕಟವೇ ಬೇರೆ, ಇದೇ ಬೇರೆ. ಇದು ಕೈ ಒಡ್ಡಿ ನಿಂತ ಹಾಗೆ. "ಹಂಗ ಕೇಳಬ್ಯಾಡ್ರಿ" ಎಂದರೆ, "ನೀನಽ ತೋರ್ಸಾಣು ಅಂದಾಕಿ" ಎನ್ನುತ್ತಿದ್ದ.

ಮೊನ್ನೆ ಬಬಲೇಶ್ವರಕ್ಕೆ ಹೋಗಿದ್ದರು. ಅಲ್ಲಿ ನಂದಾ ಎಂಬವಳು ಹೊಲಿಗೆ ಅಂಗಡಿ ತೆರೆಯುವವಳಿದ್ದಳು, ತವರಿನ ಹಳೆಯ ಕಪಾಟನ್ನು ಅಂಗಡಿಗೆ ಹೊಂದಿಸಬೇಕಿತ್ತು. ಬಾಗಿಲು ತೆರೆದೊಡನೆ ದೇವಾನಂದ ಗಂಟಲು ಸರಿಮಾಡಿಕೊಂಡ. "ಅಕ್ಕಾರ, ಒಳಗ ಬರೂಕಿಂತ ಮೊದಲ ಒಂದ ಮಾತ..."

ಪೂನಮ ನಡುವೆ ಬಾಯಿ ಹಾಕಿದಳು. "ಕಪಾಟ ಎಲ್ಲೈತ್ರಿ? ಅಳತಿ ತಗೋಬೇಕು."

"ಬರ್ರಿ ಒಳಗ" ಎಂದಳು ನಂದಾ.

ಪೂನಮ ಚಪ್ಪಲಿ ಬಿಟ್ಟು ಒಳಗೆ ನಡೆದಳು. ದೇವಾನಂದ ಹೊಸ್ತಿಲಿನ ಹೊರಗೆ ನಿಂತೇ ಇದ್ದ. ಅಳತೆಯ ಟೇಪು ಅವನ ಹತ್ತಿರವಿತ್ತು. ಅವಳು ತಿರುಗಿ ನೋಡಿ ಕೈ ಚಾಚಿದಳು, ಅವನು ಒಳಗೆ ಬಂದು ಕೊಟ್ಟ. ಕೆಲಸ ಒಪ್ಪಿಕೊಂಡು ಹೊರಟರು. ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತರು. ವಿಜಯಪುರ ಮುಟ್ಟುವವರೆಗೂ ಅವನು ಕಿಟಕಿಯ ಹೊರಗೇ ನೋಡುತ್ತಿದ್ದ. ಇಳಿಯುವಾಗ, "ಆಕಿಗೆ ನಾಳೆ ಗೊತ್ತಾದ್ರ?" ಎಂದ.

"ಗೊತ್ತಾಗಲಿ" ಎಂದಳು ಪೂನಮ. ದನಿ ಅವಳು ಅಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ.