ಅಂಜುತ್ತಲೇ ಬಾಗಿಲು ತಟ್ಟಿದವರು

ಬಾಗಿಲು ತಟ್ಟುವ ಮೊದಲು ಅವರು ಬಲಗೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದರು. ನರ ಎದ್ದ ಒಣಕಲು ಕೈ, ಬೆರಳ ತುದಿಯಲ್ಲಿ ಸೀಮೆಸುಣ್ಣದ ಬಿಳುಪು. ಕೋಟನೂರಿನ ನಮ್ಮ ಚಿಕ್ಕ ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಿದ್ದ ಅವರನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು.

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಕಾಗದದ ಪೊಟ್ಟಣಗಳಲ್ಲಿ ಸಕ್ಕರೆ ಕಟ್ಟಿಕೊಂಡು ಮನೆಮನೆಗೆ ಹೋಗಿ ಪ್ರಾರ್ಥನೆಗೆ ಕರೆಯಲು ಹೊರಡುತ್ತಿದ್ದರು. ಹೊಸ್ತಿಲ ಆಚೆಯೇ ನಿಂತು ಒಂದೇ ಸಲ ಕೇಳಬೇಕು, ಒತ್ತಾಯ ಮಾಡಬಾರದು. ‘ಕರಿಯೂದು ನಮ್ಮ ಕೆಲಸ, ಬರೂದು ಅವರ ಮನಸು’ ಎನ್ನುತ್ತಿದ್ದರು. ಕೆಲವರು ಸಕ್ಕರೆ ಬಾಯಿಗೆ ಹಾಕಿಕೊಂಡರು, ಕೆಲವರು ಬಾಗಿಲು ಹಾಕಿಕೊಂಡರು. ಒಮ್ಮೆ ಒಬ್ಬಾತ ಮಾತಾಡದೆ ಫೋನು ಎತ್ತಿ ಅವರ ಮುಖದ ವಿಡಿಯೊ ಮಾಡಿಕೊಂಡ. ಅಂದಿನಿಂದ ನನಗೆ ಅವರ ಜೊತೆ ರಸ್ತೆಯಲ್ಲಿ ನಡೆಯಲೂ ಹೆದರಿಕೆ.

ಅದಕ್ಕಿಂತ ದೊಡ್ಡ ಹೆದರಿಕೆ ಮನೆಯೊಳಗೇ ಇತ್ತು. ಅವ್ವ ತೀರಿಕೊಂಡ ದುಃಖದಲ್ಲಿದ್ದಾಗ ಟೀಚರಮ್ಮ ಚರ್ಚಿಗೆ ಕರೆದಿದ್ದರು, ನಾನಾಗಿಯೇ ಹೋಗಿದ್ದೆ. ಕಮಲಾಪುರಕ್ಕೆ ಮದುವೆಯಾಗಿ ಹೋದ ಅಕ್ಕನಿಗೆ ಆರು ವರ್ಷವಾದರೂ ಅದನ್ನು ಹೇಳಿರಲಿಲ್ಲ. ಅವಳ ಅತ್ತೆ ಏನಂದಾರು? ಅಕ್ಕ ನನ್ನ ಮುಖವನ್ನೇ ನೋಡದಿದ್ದರೆ? ನನ್ನವರೆಂದು ಉಳಿದವಳು ಅವಳೊಬ್ಬಳೇ. ಭಾನುವಾರ ಅವಳ ಫೋನು ಬಂದರೆ ‘ಪ್ಯಾಟ್ಯಾಗ ಸಂತಿ ಮಾಡಾಕತ್ತೀನಿ’ ಎಂದು ಸುಳ್ಳು ಹೇಳುತ್ತಿದ್ದೆ.

‘ಆಕಿನ್ನ ಕರಿ’ ಅಂದರು ಟೀಚರಮ್ಮ. ‘ಫೋನಿನ್ಯಾಗ ಬ್ಯಾಡ. ಮದಿವಿಗಿ ಕರದಂಗ ಮನಿಗಿ ಹೋಗಿ ಕರೀಬೇಕು.’

ನನ್ನ ಜೊತೆ ಅವರೂ ಬಂದರು. ಬಸ್ಸು ಕೆಟ್ಟು ನಿಲ್ಲಲಿ ಎಂದು ಕಮಲಾಪುರದವರೆಗೂ ದೇವರನ್ನು ಬೇಡಿದೆ. ಅದೊಂದು ಪ್ರಾರ್ಥನೆ ಅವನಿಗೆ ಕೇಳಿಸಲಿಲ್ಲ. ಅಕ್ಕನ ಬಾಗಿಲಲ್ಲಿ ನಾನು ಹಿಂದೆ ಸರಿದೆ. ಟೀಚರಮ್ಮ ಕೈ ಹಿಡಿದರು. ಅವರ ಕೈ ನೀರಿನ ಗಡಿಗೆಯಂತೆ ತಣ್ಣಗಿತ್ತು, ಬೆವರಿನಿಂದ ತೊಯ್ದಿತ್ತು.

‘ನೀವೂ ಅಂಜಾಕತ್ತೀರೇನ್ರೀ?’

‘ಪ್ರತಿ ಬಾಗಲಕೂ ಅಂಜ್ತೀನವ್ವ. ಅಂಜಿಕೊಂತೇ ಬಡೀಬೇಕು.’

ಬಾಗಿಲು ತೆರೆದವಳು ಅಕ್ಕ, ಅವಳ ಬೆನ್ನಿಗೆ ಅತ್ತೆ. ಸಕ್ಕರೆಯ ಪೊಟ್ಟಣ ಮುಂದೆ ಚಾಚಿ ಒಂದೇ ಉಸಿರಿಗೆ ಅಂದೆ: ‘ಅಕ್ಕಾ, ನಾ ಚರ್ಚಿಗಿ ಹೋಗ್ತೀನಿ. ಐತವಾರ ಪ್ರಾರ್ಥನಾ ಅದ. ಬರ್ತಿಯೇನು?’

ಅಕ್ಕನ ಕಣ್ಣು ತುಂಬಿತು. ‘ನನಗ ಗೊತ್ತಾಗಿ ಐದು ವರ್ಷಾತು. ಊರ ಮಂದೀನೆಲ್ಲ ಕರದ್ರಿ, ಒಡಹುಟ್ಟಿದಾಕಿನ್ನ ಕರೀಲಿಲ್ಲ. ನಾ ನಿನಗ ಬ್ಯಾರೇದಾಕಿ ಏನು?’

ಅತ್ತೆ ಒಳಗೆ ಹೋಗಿ ಎರಡು ತಂಬಿಗೆ ನೀರು ತಂದಿಟ್ಟರು.

ನಮ್ಮ ಕಡೆ ಕರೆಯದೆ ಬಿಟ್ಟರೆ ಬೈದದ್ದಕ್ಕಿಂತ ಹೆಚ್ಚು ನೋಯುತ್ತದೆ. ಕಳೆದುಕೊಂಡೇನೆಂಬ ಭಯದಲ್ಲಿ ಅಕ್ಕನನ್ನು ನಾನೇ ದೂರ ಇಟ್ಟಿದ್ದೆ. ಆ ಭಾನುವಾರ ಅವಳು ಹಣೆಯ ವಿಭೂತಿಯೊಂದಿಗೇ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಈಗಲೂ ಪ್ರತಿ ಕ್ರಿಸ್‌ಮಸ್‌ಗೆ ಹಾಗೆಯೇ ಬಂದು ಕೂರುತ್ತಾಳೆ.

ಹೋದ ವರ್ಷ ಆಸ್ಪತ್ರೆಯ ಮಂಚದಿಂದ ಟೀಚರಮ್ಮ ನನ್ನತ್ತ ಕೈ ಚಾಚಿದರು. ‘ಅಂಜಿಕಿ ಆಗಾಕತ್ತದವ್ವ’ ಅಂದರು. ಆ ತಣ್ಣನೆಯ ಕೈ ಹಿಡಿದು ಅವರ ಮಾತನ್ನೇ ಅವರಿಗೆ ಕೊಟ್ಟೆ: ‘ಅಂಜಿಕೊಂತೇ ಬಡೀಬೇಕ್ರೀ.’

ಅವರು ಸಣ್ಣಗೆ ನಕ್ಕರು. ಕೈ ಬಿಡಿಸಿಕೊಂಡು ಚಾದರಕ್ಕೆ ಎರಡು ಸಲ ಒರೆಸಿಕೊಂಡರು. ಸಂಜೆಯಾಗುವಷ್ಟರಲ್ಲಿ ಹೋಗಿಬಿಟ್ಟರು.