ಮರಿಸ್ವಾಮಿಯ ಮೇಲ್ ಹೊರಟ ದಿನ

ಮರಾಠಿ ನಾಡಿನ ಖರಾಡಿಯ ನಮ್ಮ ಆಫೀಸಿನಲ್ಲಿ ತನ್ನೊಬ್ಬನಿಗೇ ಕಂಪ್ಯೂಟರ್ ಗೊತ್ತು ಎಂದು ಒಂಬತ್ತು ವರ್ಷದಿಂದ ನಂಬಿಕೊಂಡು ಬಂದ ಪ್ರಾಣಿ ಈ ಮರಿಸ್ವಾಮಿ. ಊರು ಕೊಳ್ಳೇಗಾಲ. ನಾವು ಬ್ರೌಸರ್‌ನಲ್ಲಿ ಮೇಲ್ ನೋಡುತ್ತೇವೆ. ಅವನಿಗೆ ಅದು ಮಕ್ಕಳಾಟ. ಅವನದು ಬಟನ್ನಿಲ್ಲದ, ಚಿತ್ರವಿಲ್ಲದ, ಬರೀ ಅಕ್ಷರಗಳ ಕಪ್ಪು ಪರದೆ. ಎಲ್ಲವನ್ನೂ ಕೀಬೋರ್ಡಿನಲ್ಲೇ ಕುಟ್ಟಬೇಕು. "ಮೌಸ್ ಹಿಡಿಯೋರಿಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ" ಅನ್ನುತ್ತಿದ್ದ, ಯಾರೂ ಕೇಳದಿದ್ದರೂ.

ಹೋದ ಜೂನ್‌ನಲ್ಲಿ ಅವನಿಗೆ ಹೊಸ ಲ್ಯಾಪ್‌ಟಾಪ್ ಬಂತು. ಅದರಲ್ಲೂ ಕಪ್ಪು ಪರದೆಯನ್ನೇ ಕೂರಿಸಿಕೊಂಡ. ಮೇಲ್ ಬರುತ್ತಿತ್ತು, ಉತ್ತರ ಬರೆದು ಕಳಿಸುತ್ತಿದ್ದ. ಅದು ನಿಜಕ್ಕೂ ಹೋಗುತ್ತಿದೆಯೇ ಎಂದು ಮಾತ್ರ ನೋಡಲಿಲ್ಲ. ತನ್ನ ಕೈಯಲ್ಲಿ ತಪ್ಪಾದೀತು ಎಂಬ ಯೋಚನೆಯೇ ಅವನ ತಲೆಗೆ ಬರುವಂಥದ್ದಲ್ಲ.

ಯಾರಿಂದಲೂ ಮರುತ್ತರವಿಲ್ಲ. ಇವನಿಗೆ ಸಿಟ್ಟು. ಮತ್ತೆ ಬರೆದ, ಇನ್ನೂ ಖಾರವಾಗಿ. ನಮ್ಮ ಮ್ಯಾನೇಜರ್ ಸ್ನೇಹಲ್‌ಗಂತೂ, "ಮೇಲ್ ಓದಲು ಬಾರದವರು ಟೀಮ್ ನಡೆಸಬಾರದು" ಎಂದು ಬರೆದ.

ಹನ್ನೆರಡನೆಯ ದಿನ ಸ್ನೇಹಲ್ ಅವನ ಮೇಜಿನ ಹತ್ತಿರವೇ ಬಂದು ಹಿಂದಿಯಲ್ಲಿ ಕೇಳಿದಳು: "ಎರಡು ವಾರದಿಂದ ಒಂದು ಮೇಲ್‌ಗೂ ಉತ್ತರ ಇಲ್ಲ. ಹುಷಾರಾಗಿದ್ದೀಯಾ?"

ಕಳಿಸಿದ್ದನ್ನು ತೋರಿಸಲು ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಪಕ್ಕದ ಸೀಟಿನ ಹಾಸನದ ಸಿಂಧೂರ ಬಗ್ಗಿ ಅವನ ಸೆಟಿಂಗ್ಸ್ ನೋಡಿದಳು.

"ಮೇಲ್ ಹೊರಗೆ ಕಳಿಸೋ ಸರ್ವರ್ ಹೆಸರೇ ತಪ್ಪಿದೆ. ಪಾಸ್‌ವರ್ಡೂ ಕೊಟ್ಟಿಲ್ಲ. ಕಳಿಸಿದ್ದೆಲ್ಲ ಹೊರಗೆ ಹೋಗದೆ ಕ್ಯೂನಲ್ಲೇ ಕೂತಿದೆ ನೋಡು. ಮೊದ್ಲು ಅದನ್ನ ಅಳಿಸು."

"ನಂಗೊತ್ತು. ನೀನೇನೂ ಹೇಳಿಕೊಡಬೇಡ."

ಸರ್ವರ್ ಹೆಸರು, ಪೋರ್ಟು, ಪಾಸ್‌ವರ್ಡು ಎಲ್ಲ ಸರಿಮಾಡಿ, ಪರೀಕ್ಷೆಗೆಂದು ಒಂದು ಮೇಲ್ ಬರೆದು, ಬಲು ಗತ್ತಿನಿಂದ ಎಂಟರ್ ಒತ್ತಿದ. ಮೇಲ್ ಹೋಯಿತು. ಅದರ ಜೊತೆ ಕ್ಯೂನಲ್ಲಿದ್ದ ನಲವತ್ತಮೂರೂ ಹೋದವು. ಇಡೀ ಹಾಲಿನಲ್ಲಿ ಫೋನುಗಳು ಒಂದಾದ ಮೇಲೊಂದು ಟಿಣ್ ಟಿಣ್ ಅನ್ನತೊಡಗಿದವು. ಅಲ್ಲೇ ನಿಂತಿದ್ದ ಸ್ನೇಹಲ್ ತನಗೆ ಬಂದದ್ದನ್ನು ನಿಧಾನವಾಗಿ, ಕೊನೆಯ ಸಾಲಿನವರೆಗೂ ಓದಿದಳು.

"ಓದಲು ಬರುತ್ತೆ ನನಗೆ," ಅಂದಳು. ಆಮೇಲೆ ಅವನ ಪರದೆಯ ಮೇಲಿದ್ದ ಹೆಸರುಗಳನ್ನು ಎಣಿಸಿದಳು. "ಹತ್ತೊಂಬತ್ತು ಜನಕ್ಕೆ ಬರೆದಿದ್ದೀಯ. ಒಬ್ಬೊಬ್ಬರ ಹತ್ತಿರವೂ ಹೋಗಿ ಕ್ಷಮೆ ಕೇಳು. ಮೇಲ್‌ನಲ್ಲಿ ಬೇಡ."

ಕೇಳಿದ. ಮೂರು ಮಹಡಿ ಹತ್ತಿಳಿದು, ತಲೆ ತಗ್ಗಿಸಿಕೊಂಡು ಕೇಳಿದ. ನಮಗೂ ಅಯ್ಯೋ ಪಾಪ ಅನ್ನಿಸಿತು, ಊಟದ ಹೊತ್ತಿನವರೆಗೆ. ಕ್ಯಾಂಟೀನಿನಲ್ಲಿ ಸಿಂಧೂರಳ ಎದುರು ತಟ್ಟೆ ಇಟ್ಟುಕೊಂಡು ಕೂತವನು, "ನೀನು ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಬೇಕಿತ್ತಪ್ಪ" ಅಂದ.

ಅವಳು ಡಬ್ಬಿ ಮುಚ್ಚಿಕೊಂಡು ಬೇರೆ ಟೇಬಲ್ಲಿಗೆ ಹೋದಳು.