ಕರಬಸಪ್ಪನ ಪರದೇಶದ ವ್ಯಾಪಾರ

ಮೋಟೆಬೆನ್ನೂರಿನ ಕರಬಸಪ್ಪ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅಂಚೆಯ ಮೂಲಕ, ಅಂತರರಾಷ್ಟ್ರೀಯ ವ್ಯಾಪಾರದ ಸ್ನಾತಕೋತ್ತರ ಡಿಪ್ಲೊಮಾ ಓದುತ್ತಿದ್ದ. ಅಲ್ಲಿಯವರೆಗೆ ಅವನು ನೋಡಿದ ಅತಿ ದೂರದ ಊರೆಂದರೆ ಹುಬ್ಬಳ್ಳಿ. ಅದನ್ನೂ ಪೂರ್ತಿ ನೋಡಿರಲಿಲ್ಲ. ದವಾಖಾನೆಯಲ್ಲಿದ್ದ ಸೋದರಮಾವನಿಗೆ ಬುತ್ತಿ ಮುಟ್ಟಿಸಿ ಮುಂದಿನ ಗಾಡಿಗೇ ತಿರುಗಿ ಬಂದಿದ್ದ. ‘ಡಾಲರಿನ ಬೆಲೆ ಯಾಕ ಏರತೈತಿ ಅಂತ ನಾಕು ಪುಟ ಬರೀತೇನಿ, ಹುಬ್ಬಳ್ಳಿಯಾಗ ಸಿಟಿ ಬಸ್ ಎಲ್ಲಿ ನಿಲ್ಲತೈತಿ ಅಂತ ಮಾತ್ರ ಕೇಳಬ್ಯಾಡ್ರಿ’ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಡುವುದು ಅವನ ರೂಢಿ. ಕೆಲಸ ಅರ್ಧ ಹಗುರಾಗುತ್ತದೆ.

ಹೊಟ್ಟೆಪಾಡಿಗೆ ಬ್ಯಾಡಗಿಯಲ್ಲಿ ಪ್ರಭುಲಿಂಗಪ್ಪನವರ ಮೆಣಸಿನಕಾಯಿ ದಲಾಲಿ ಅಂಗಡಿಯ ಗುಮಾಸ್ತಿಕೆ ಇತ್ತು. ಸೋಮವಾರ, ಗುರುವಾರ ರೈತರ ಚೀಲಗಳು ಇಳಿದೊಡನೆ ಪ್ರತಿ ರಾಶಿಗೂ ನಂಬರಿನ ಚೀಟಿ ಸಿಕ್ಕಿಸಬೇಕು, ಯಾವ ರಾಶಿ ಯಾರದೆಂದು ಬರೆದಿಡಬೇಕು, ನಡುನಡುವೆ ಸೀನಬೇಕು. ಚೀಟಿಯ ಹಿಂಬದಿಯಲ್ಲಿ ಅವನು ರಫ್ತಿನ ನಿಯಮಗಳನ್ನು ಗೀಚಿಕೊಂಡು ಬಾಯಿಪಾಠ ಮಾಡುವುದನ್ನು ಸಾಹುಕಾರರು ನೋಡಿದ್ದರು.

“ಏನಪಾ ಇಂಟರ್‌ನ್ಯಾಷನಲ್, ಜಪಾನಿಗೆ ಆಮ್ಯಾಲೆ ಹೋಗಂತಿ. ಮದಲ ಆ ಹನ್ನೊಂದನೇ ರಾಶಿಗೆ ಚೀಟಿ ಹಚ್ಚು.”

ಹಾವೇರಿ ಜಿಲ್ಲೆಯಾದ ಮರುವರ್ಷ, ಎರಡು ವರ್ಷದ ಓದಿನ ಕೊನೆಗೆ, ಒಂದು ಪ್ರಾಜೆಕ್ಟ್ ವರದಿ ಬರೆಯಬೇಕಾಗಿ ಬಂತು. ಕರಬಸಪ್ಪ ರಾಣೆಬೆನ್ನೂರಿನ ಗ್ರಂಥಾಲಯದಲ್ಲಿ ನಾಲ್ಕು ಭಾನುವಾರ ಕುಳಿತು ಬ್ರೆಜಿಲ್ಲಿನ ಕಾಫಿ ರಫ್ತಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡ. ಅಲ್ಲೇ ಪೇಟೆಯಲ್ಲಿ ಟೈಪ್ ಮಾಡಿಸಿ, ನೀಲಿ ರಟ್ಟು ಹಾಕಿಸಿ, ಹಾವೇರಿಯ ಕಾಲೇಜಿನಲ್ಲಿ ಅಂಚೆಯ ವಿದ್ಯಾರ್ಥಿಗಳಿಗೆ ತಿಂಗಳಿಗೊಂದು ಭಾನುವಾರ ತರಗತಿ ತೆಗೆದುಕೊಳ್ಳುತ್ತಿದ್ದ ಸುಲಭಾ ಮೇಡಂ ಮುಂದೆ ಇಟ್ಟ.

ಮೇಡಂ ಹತ್ತು ಪುಟ ತಿರುವಿದರು. “ಕರಬಸಪ್ಪ, ನೀವು ಕಾಫಿ ಕುಡೀತೀರೇನು?”

“ಇಲ್ರಿ ಮೇಡಂ. ಚಾ.”

“ಕೆಲಸ ಎಲ್ಲಿ?”

“ಬ್ಯಾಡಗಿ ಮೆಣಸಿನಕಾಯಿ ಅಂಗಡಿಯಾಗ್ರಿ.”

“ಮತ್ತ ಇದರಾಗ ಒಂದರ ಮೆಣಸಿನಕಾಯಿ ಎಲ್ಲಿ ಐತಿ?” ಅವರು ರಟ್ಟು ಮುಚ್ಚಿದರು. “ಆರು ವಾರ ಕೊಡ್ತೇನಿ. ಖರೇ ಖರೇ ಒಂದು ಮಾಲು ಪರದೇಶದ ಗಿರಾಕಿಗೆ ತೋರಿಸ್ರಿ, ಏನಾತು ಅನ್ನೋದನ್ನ ಬರೀರಿ. ಇಲ್ಲಂದ್ರ ಈ ವರ್ಷ ನಿಮ್ಮನ್ನ ಪಾಸು ಮಾಡಾಕ ನನ್ನ ಕಡೆ ಆಗೂದಿಲ್ಲ.”

ಬ್ಯಾಡಗಿಗೆ ಮರಳುವ ಪ್ಯಾಸೆಂಜರ್ ರೈಲಿನಲ್ಲಿ ಕರಬಸಪ್ಪನಿಗೆ ನಗು ಬರಲಿಲ್ಲ. ಹಳೆಯ ಪಠ್ಯಕ್ರಮಕ್ಕೆ ಅವನದೇ ಕೊನೆಯ ತಂಡ. ತಪ್ಪಿದರೆ ಹೊಸ ಪಠ್ಯವನ್ನು ಮತ್ತೆ ಮೊದಲಿನಿಂದ ಓದಬೇಕು.

ವಿಷಯ ತಿಳಿದ ಪ್ರಭುಲಿಂಗಪ್ಪನವರು ಎರಡು ದಿನ ಗೇಲಿ ಮಾಡಿ, ಮೂರನೆಯ ದಿನ ಮುಂಬಯಿಯ ಪರಿಚಯದ ರಫ್ತುದಾರರಿಗೆ ತಾವೇ ಫೋನು ಹಚ್ಚಿದರು. ಜರ್ಮನಿಯ ಗಿರಾಕಿಯೊಬ್ಬ ಖಾರಕ್ಕಲ್ಲ, ಬಣ್ಣಕ್ಕಾಗಿ ಕಾಯಿ ಹುಡುಕುತ್ತಿದ್ದಾನೆ, ಒಂದು ಕಿಲೋ ಮಾದರಿ ಕಳಿಸಿ ಎಂದು ಮುಂಬಯಿಯವರು ಹೇಳಿದರು.

ಅಂಗಡಿಯಲ್ಲಿ ಕಾಯಿ ಆರಿಸುವ ಹೆಂಗಸರಿಗೆಲ್ಲ ಮುಂದಾಳು ಮಂಗಳವ್ವ. ಮೂವತ್ತು ವರ್ಷ ಅದೇ ಕಟ್ಟೆಯ ಮೇಲೆ ಕುಳಿತು ಆರಿಸಿದವಳು. ಕರಬಸಪ್ಪ ಅವಳಿಗೆ ಹೇಳಿದ್ದು ಇಷ್ಟೇ: “ಮಂಗಳವ್ವಾ, ಜರ್ಮನಿಗೆ ಹೋಗೋ ಕಾಯಿ. ಛಲೋತ್ನಾಗಿ ತಯಾರು ಮಾಡು.”

ಅವಳು ಒಂದಿಡೀ ದಿನ ಕುಳಿತು ಒಂದೊಂದೇ ಕಾಯಿ ಆರಿಸಿದಳು. ದುಂಡನೆಯ ಡಬ್ಬಿ ಕಾಯಿ, ಮೈತುಂಬ ಸುಕ್ಕು, ಕುಂಕುಮದಂಥ ಕೆಂಪು. ಸಂಜೆ ಪೊಟ್ಟಣ ಕೈಗೆ ಬಂದಾಗ ಕಾಯಿಗಳು ಮಿರಮಿರ ಮಿಂಚುತ್ತಿದ್ದವು. ಕರಬಸಪ್ಪ ಹಿಗ್ಗಿ ಹೀರೇಕಾಯಿಯಾಗಿ ಅಂದೇ ಅಂಚೆಗೆ ಹಾಕಿದ.

ಹನ್ನೆರಡು ದಿನಕ್ಕೆ ಮುಂಬಯಿಯಿಂದ ಕಾಗದ ಬಂತು. ಮಾದರಿ ತಿರಸ್ಕೃತ. ಕಾಯಿಯ ಮೇಲೆ ಎಣ್ಣೆ ಸಿಕ್ಕಿದೆ.

“ಎಣ್ಣಿ ಹಚ್ಚೀ ಏನು?” ಎಂದು ಕರಬಸಪ್ಪ ಕಟ್ಟೆಗೆ ಬಂದು ಕೇಳಿದ.

“ಹಚ್ಚದ ಬಿಡ್ತೀನೇನ? ಸೇಂಗಾ ಎಣ್ಣಿ, ಮನಿಯಿಂದ ತಂದಿದ್ದೆ,” ಎಂದಳು ಮಂಗಳವ್ವ. “ಅಷ್ಟು ದೂರ ಹೊಂಟಾವು. ನಮ್ಮ ಹುಡುಗಿನ್ನ ಗಂಡನ ಮನಿಗೆ ಕಳಸೂಮುಂದ ತಲಿಗೆ ಎಣ್ಣಿ ಹಚ್ಚಿ ಹೆರಳು ಹಾಕೂದಿಲ್ಲೇನು?”

“ಅವರು ಎಣ್ಣಿ ಹಚ್ಚಬಾರದು ಅಂತಾರ.”

“ಅಂತಾರಂದ್ರ ನೀ ನನಗ ಮದಲ ಹೇಳಬೇಕಿಲ್ಲ? ಓದಾವ ನಾನೋ ನೀನೋ?”

ಓದುವವನು ಅವನೇ. ಮೇಲೆ ಏನೂ ಸವರಬಾರದೆಂದು ಅವನ ಪುಸ್ತಕದ ಏಳನೆಯ ಪಾಠದಲ್ಲಿ ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಯಾರೋ ಹೇಳಿದ್ದಕ್ಕೆ ಅವನು ಬಿಟ್ಟಿದ್ದ ಪಾಠ ಅದೊಂದೇ. ಅಂದು ಮಧ್ಯಾಹ್ನ ಅವನು ಚೀಲದ ಮೇಲೆ ಕುಳಿತು ಏಳನೆಯ ಪಾಠವನ್ನು ಮಂಗಳವ್ವನಿಗೆ ಕನ್ನಡ ಮಾಡಿ ಓದಿ ಹೇಳಿದ. ತೊಟ್ಟು ಇರಬಾರದು, ಒಡೆದ ಕಾಯಿ ಇರಬಾರದು, ಇಷ್ಟಕ್ಕಿಂತ ಹಸಿ ಇರಬಾರದು, ಬಣ್ಣವನ್ನು ಯಂತ್ರ ಅಳೆಯುತ್ತದೆ.

“ಹಸಿ ಐತೋ ಇಲ್ಲೋ ಅನ್ನಾಕ ಯಂತ್ರ ಯಾಕ?” ಎಂದು ಅವಳು ಒಂದು ಕಾಯಿಯನ್ನು ಅವನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಬೀಜ ಗಿಲಗಿಲ ಎಂದಿತು. ಇನ್ನೊಂದನ್ನು ಅಲ್ಲಾಡಿಸಿದಳು, ಸದ್ದಿಲ್ಲ. “ಇದು ಇನ್ನೂ ನಾಕು ಬಿಸಲು ಉಣ್ಣಬೇಕು.”

“ಮತ್ತ ಬಣ್ಣ?”

ಎದುರಿನ ರಾಶಿಯಿಂದ ಕಾಯಿ ತೆಗೆತೆಗೆದು ಮೂರು ಗುಡ್ಡೆ ಮಾಡಿದಳು. ಕರಬಸಪ್ಪನ ಕಣ್ಣಿಗೆ ಮೂರೂ ಒಂದೇ ಕೆಂಪು. ಆರು ವರ್ಷ ಅದೇ ಅಂಗಡಿಯ ಧೂಳು ಕುಡಿದಿದ್ದರೂ ಅವನು ನೋಡಿದ್ದು ಕಾಯಿಯನ್ನಲ್ಲ, ಚೀಟಿಯನ್ನು.

“ಬಣ್ಣದಾಗ ಇದು ಹಿರೇದು, ಇದು ನಡುವಿಂದು, ಇದು ಕಿರೇದು. ಹೋಗಿ ಕೇಳು ನಿನ್ನ ಯಂತ್ರಕ್ಕ.”

ಅವನು ಮೂರು ಪೊಟ್ಟಣ ಕಟ್ಟಿ, ಬರೀ ನಂಬರು ಹಾಕಿ, ಯಾವುದು ಹೆಚ್ಚು ಎಂದು ಮೇಲೆ ಬರೆಯದೆ ಮುಂಬಯಿಗೆ ಕಳಿಸಿದ. ತನ್ನ ಪುಸ್ತಕದಲ್ಲಿ ಮಾತ್ರ ಬರೆದಿಟ್ಟುಕೊಂಡ. ಆರು ವಾರದ ಕೊನೆಗಿದ್ದ ಮೌಖಿಕ ಪರೀಕ್ಷೆಗೆ ಮೂರು ದಿನ ಉಳಿದಾಗ ಉತ್ತರ ಬಂತು. ಮೂರರಲ್ಲೂ ತೇವ ಸರಿ ಇತ್ತು. ಬಣ್ಣದ ಅಂಕಿ ನೂರ ಐವತ್ತೆಂಟು, ನೂರ ಮೂವತ್ತೊಂದು, ನೂರ ನಾಲ್ಕು. ಮಂಗಳವ್ವ ಇಟ್ಟ ಸಾಲಿನಲ್ಲೇ.

ಆ ಕಾಗದ ಹಿಡಿದು ಅವನು ಅಂಗಡಿಯ ತುಂಬ ಓಡಾಡಿದ. ಪ್ರಭುಲಿಂಗಪ್ಪನವರು ಕನ್ನಡಕ ಏರಿಸಿ ಎರಡು ಸಲ ಓದಿ, ಎಲ್ಲರಿಗೂ ಚಾ ತರಿಸಿದರು. ಮಂಗಳವ್ವ ಮಾತ್ರ, ಮಂದಿಗೆ ಇದು ಇಷ್ಟು ದೊಡ್ಡದಾಗಿ ಕಾಣುವುದೇಕೆಂದು ತಿಳಿಯದೆ, ಕೆಲಸ ಬಿಡದೆಯೇ ಚಾ ಕುಡಿದಳು.

ಹಾವೇರಿಯ ಮೌಖಿಕ ಪರೀಕ್ಷೆಗೆ ಕರಬಸಪ್ಪ ಹದಿನೆಂಟು ಪುಟದ ವರದಿ ಒಯ್ದ. ರಟ್ಟಿರಲಿಲ್ಲ; ಜೊತೆಗೆ ಒಂದು ಬಟ್ಟೆಯ ಚೀಲವಿತ್ತು. ಮೊದಲ ಅಧ್ಯಾಯ ಪೂರ್ತಿ ಎಣ್ಣೆಯ ಕಥೆ. ಸುಲಭಾ ಮೇಡಂ ಅದನ್ನು ಓದುತ್ತ ಓದುತ್ತ ಸೆರಗು ಬಾಯಿಗೆ ಹಚ್ಚಿಕೊಂಡರು. ಪಕ್ಕದಲ್ಲಿ ಕುಳಿತಿದ್ದ ಧಾರವಾಡದ ಪರೀಕ್ಷಕರು ಗಂಭೀರರು.

“ಈ ತಪ್ಪು ಯಾರದು?” ಎಂದು ಕೇಳಿದರು.

“ನಂದ್ರಿ ಸರ್. ಗಿರಾಕಿಗೆ ಏನು ಬೇಕು ಅಂತ ಮಾಲು ಮಾಡಾವರಿಗೆ ನಾ ಹೇಳಲಿಲ್ಲ. ಪುಸ್ತಕ ನನ್ನ ಹತ್ರನ ಇತ್ತು, ಆ ಪಾಠ ನಾನ ಓದಿರಲಿಲ್ಲ.”

“ಒಣಗೇದೋ ಇಲ್ಲೋ ಅನ್ನೋದು ಕಿವಿಗೆ ಹ್ಯಾಂಗ ತಿಳೀತದ?” ಎಂದರು ಪರೀಕ್ಷಕರು, ವರದಿಯ ಮುಂದಿನ ಪುಟ ತಿರುವಿ.

ಕರಬಸಪ್ಪ ಚೀಲ ಬಿಚ್ಚಿ ಇಬ್ಬರಿಗೂ ಒಂದೊಂದು ಕಾಯಿ ಕೊಟ್ಟ. ಇಬ್ಬರೂ ಕಿವಿಯ ಹತ್ತಿರ ಅಲ್ಲಾಡಿಸಿ ಕಣ್ಣು ಮುಚ್ಚಿ ಕೇಳಿದರು. ಹಾಜರಿ ಪುಸ್ತಕ ತಂದ ಜವಾನ ಬಾಗಿಲಲ್ಲೇ ನಿಂತ. ಅವನಿಗೂ ಒಂದು ಕೊಡಬೇಕಾಯಿತು. ಗಂಭೀರ ಪರೀಕ್ಷಕರು ಮೂರು ಸಲ ಸೀನಿ, ಕಣ್ಣೊರೆಸಿಕೊಂಡು, ಇನ್ನು ಪ್ರಶ್ನೆಗಳಿಲ್ಲ ಎಂದರು.

ಅರವತ್ತೆರಡು ಅಂಕ ಬಂತು. ಗುರುವಾರ ಅಂಗಡಿಗೆ ಬಂದವನೇ ಕಟ್ಟೆಯ ಹತ್ತಿರ ಹೋಗಿ ಹೇಳಿದ.

“ಅರವತ್ತೆರಡರಾಗ ನಂದೆಷ್ಟು?” ಎಂದಳು ಮಂಗಳವ್ವ.

“ಅರವತ್ತು ನಿಂದ.”

“ಉಳಿದ ಎರಡು?”

“ನಿನಗ ಓದಿ ಹೇಳಿದ್ದಕ್ಕ ನಂದು.”

ಅವಳು ಸ್ವಲ್ಪ ವಿಚಾರ ಮಾಡಿ, ಆಗಲಿ ಎಂಬಂತೆ ತಲೆಯಾಡಿಸಿ, ಪಕ್ಕಕ್ಕೆ ಸರಿದು ಜಾಗ ಮಾಡಿದಳು. “ಮುಂಬಯಿಯವರು ನಡುವಿನ ಗುಡ್ಡಿದು ಹತ್ತು ಚೀಲ ಕೇಳ್ಯಾರಂತ, ಸಾವ್ಕಾರ್ರು ಅಂದ್ರು. ಕುಂದ್ರು ಹಂಗಾರ, ತೊಟ್ಟು ಬಿಡಸು.”

ಅಂತರರಾಷ್ಟ್ರೀಯ ವ್ಯಾಪಾರದ ಸ್ನಾತಕೋತ್ತರ ಡಿಪ್ಲೊಮಾ ಪಡೆದ ಕರಬಸಪ್ಪ ಅಂಗಿಯ ತೋಳು ಮಡಿಚಿಕೊಂಡು ಕುಳಿತ. ಮೊದಲ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಅದು ಒಣಗೇತಿ,” ಎಂದಳು ಅವಳು, ನೋಡದೆಯೇ. “ಲಗೂ ಮಾಡು.”